ನಕ್ಷತ್ರದ ನಾಡಿ ಹಿಡಿದವರು

ಏರಿಯಲ್ ಕಟ್ಟಲು ಮಾಡು ಹತ್ತಿ, ಹೆಂಚು ಒಡೆದು ಹಿರಿಯರಿಂದ ಬೈಸಿಕೊಂಡವರು ನಿಮ್ಮಲ್ಲಿಯೂ ಇರಬಹುದು. ಅಮೆರಿಕದ ನ್ಯೂಜೆರ್ಸಿಯ ತೋಟದ ಮನೆಯಲ್ಲಿ ಬೆಳೆದ ಜೋಸೆಫ್ ಟೇಲರ್ ಸಹೋದರನೊಡನೆ ಅದೇ ಕೆಲಸಕ್ಕೆ ಹೋಗಿ ಇಟ್ಟಿಗೆಯ ಹೊಗೆಗೂಡನ್ನೇ ಉರುಳಿಸಿಬಿಟ್ಟಿದ್ದರು!

ಬಾನುಲಿಯ ಈ ಗೀಳಿನವರನ್ನು 1968ರಲ್ಲಿ ಪಲ್ಸಾರುಗಳು ಸೆಳೆದುವು. 1967ರಲ್ಲಿ ಕೇಂಬ್ರಿಜ್‌ನಲ್ಲಿ ಜಾಸಲಿನ್ ಬೆಲ್ ಮೊದಲು ಗುರುತಿಸಿದ ಇವು, ಗಿರಗಿರನೆ ತಿರುಗುವ ಅತಿ ಸಾಂದ್ರ ನಕ್ಷತ್ರಗಳು. ತಿರುಗಿದಾಗಲೊಮ್ಮೆ ಬಾನುಲಿಯ ಮಿಡಿತವೊಂದು ನಮ್ಮತ್ತ ಬೀಸಿಹೋಗುತ್ತದೆ.

1974ರಲ್ಲಿ ಟೇಲರರ ಶಿಷ್ಯ ರಸೆಲ್ ಹಲ್ಸ್, ಪೋರ್ಟೊರಿಕೋದ ಅರೆಸಿಬೋದಲ್ಲಿದ್ದ 305 ಮೀಟರ್ ಅಗಲದ ಬೋಗುಣಿಯಂಥ ದೂರದರ್ಶಕದಿಂದ ಇಂಥದೊಂದನ್ನು ಹಿಡಿದರು. ಸೆಕೆಂಡಿಗೆ ಸುಮಾರು 17 ಮಿಡಿತ. ಆದರೆ ತಾಳ ನಿಲ್ಲಲೊಲ್ಲದು. ಒಮ್ಮೆ ತ್ವರೆ, ಒಮ್ಮೆ ನಿಧಾನ. ತಮ್ಮ ಲೆಕ್ಕದಲ್ಲೇ ದೋಷವೆಂದು ಹಲ್ಸರು ಶಂಕಿಸಿದರು. ದೋಷವಲ್ಲ: ಅದು 7 ಗಂಟೆ 45 ನಿಮಿಷಕ್ಕೊಮ್ಮೆ ಜೊತೆಯ ನಕ್ಷತ್ರವನ್ನು ಸುತ್ತುತ್ತಿತ್ತು.

ಮುಂದಿನದೆಲ್ಲ ತಾಳ್ಮೆಯ ಕೆಲಸ. ಐನ್‌ಸ್ಟೈನರು 1916ರಲ್ಲಿ ಹೇಳಿದಂತೆ ಗುರುತ್ವದ ಅಲೆಗಳು ನಿಜವಾದರೆ, ಇಂಥ ಜೋಡಿ ಶಕ್ತಿ ಕಳೆದುಕೊಳ್ಳುತ್ತ ಹತ್ತಿರ ಸರಿಯಬೇಕು. ಐನ್‌ಸ್ಟೈನರೇ ನಡುವೆ ಸಂದೇಹಪಟ್ಟ ಮಾತದು. 1969ರಲ್ಲಿ ಅಲೆಯನ್ನು ಹಿಡಿದೆನೆಂದ ವೆಬರರ ಹೇಳಿಕೆಯನ್ನು ಇತರರ ಪ್ರಯೋಗಗಳು ಎತ್ತಿಹಿಡಿಯಲಿಲ್ಲ. ಟೇಲರರು ಸಂಗಡಿಗರೊಡನೆ ನಾಲ್ಕು ವರ್ಷ ಮಿಡಿತ ಅಳೆದು, 1978ರಲ್ಲಿ ಉತ್ತರ ಕೊಟ್ಟರು: ಸುತ್ತಿನ ಅವಧಿ ಕುಗ್ಗುತ್ತಿದೆ. ಎಷ್ಟು ಗೊತ್ತೆ? ವರ್ಷಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 76 ಭಾಗ. ವರ್ಷ ಕಳೆದಷ್ಟೂ ಅಳತೆ ಲೆಕ್ಕಕ್ಕೆ ಇನ್ನಷ್ಟು ಸರಿಹೊಂದಿತು.

1993ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂತು. ಅಲೆಯೇ ನೇರವಾಗಿ ಉಪಕರಣಕ್ಕೆ ತಾಕಿದ್ದು 2015ರಲ್ಲಿ. ಅರೆಸಿಬೋದ ದೂರದರ್ಶಕ 2020ರಲ್ಲಿ ಕುಸಿದುಬಿತ್ತು. ಆ ಜೋಡಿ ನಕ್ಷತ್ರಗಳು ಒಂದಾಗಲು ಮಾತ್ರ ಇನ್ನೂ ಸುಮಾರು 30 ಕೋಟಿ ವರ್ಷ ಬೇಕು.