ನೆರಳಿಗೆ ಮರುಹುಟ್ಟು

ಕಥೆಗಿಂತ ಮೊದಲು ಕಥಾನಾಯಕನ ದನಿ ಹುಟ್ಟಿದ್ದುಂಟೆ? ಅಮೆರಿಕದ ‘ಶ್ಯಾಡೋ’ ಎಂಬ ಸಾಹಸಿಯ ಜನ್ಮವೃತ್ತಾಂತ ಅಂಥದು. 1930ರಲ್ಲಿ ನ್ಯೂಯಾರ್ಕಿನ ಸ್ಟ್ರೀಟ್ ಅಂಡ್ ಸ್ಮಿತ್ ಪ್ರಕಾಶಕರು ತಮ್ಮ ಪತ್ತೇದಾರಿ ಪತ್ರಿಕೆಯ ಪ್ರಚಾರಕ್ಕೆಂದು ಅದರ ಕಥೆಗಳನ್ನು ರೇಡಿಯೋದಲ್ಲಿ ಆಡಿಸಿದರು. ನಿರೂಪಕನಿಗೆ ‘ನೆರಳು’ ಎಂದು ಹೆಸರಿಟ್ಟರು. ಕೇಳಿದ ಜನ ಅಂಗಡಿಗೆ ಹೋಗಿ, ಇನ್ನೂ ಹುಟ್ಟಿಯೇ ಇರದ ‘ನೆರಳಿನ ಪತ್ರಿಕೆ’ಯನ್ನು ಬೇಡಿದರು! 1931ರ ಏಪ್ರಿಲಿನಲ್ಲಿ ಅಂಥ ಪತ್ರಿಕೆ ಬಂದೇಬಂದಿತು. ಇಂದ್ರಜಾಲವನ್ನೂ ಬಲ್ಲ ಪತ್ರಕರ್ತ ವಾಲ್ಟರ್ ಗಿಬ್ಸನ್, ‘ಮ್ಯಾಕ್ಸ್‌ವೆಲ್ ಗ್ರ್ಯಾಂಟ್’ ಎಂಬ ಕಾವ್ಯನಾಮದಲ್ಲಿ, ಆ ಅಗ್ಗದ ಒರಟು ಕಾಗದದ ಪುಟಗಳಿಗಾಗಿ 280ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದನು.

ಮೊದಲ ಕಾದಂಬರಿಯಲ್ಲಿ ಹ್ಯಾರಿ ವಿನ್ಸೆಂಟ್ ಎಂಬ ತರುಣ, ಮಂಜು ಕವಿದ ರಾತ್ರಿ, ಸೇತುವೆಯಿಂದ ಹಾರಲು ನಿಂತಿದ್ದಾನೆ. ನೆರಳು ಅವನನ್ನು ಹಿಡಿದುಳಿಸುತ್ತದೆ. ಆದರೆ ಉಳಿದ ಪ್ರಾಣ ಇನ್ನು ಅವನದಲ್ಲ, ಉಳಿಸಿದವನದು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ಓದುಗನಿಗೆ ಈ ಕರಾರು ಅಭಯದಂತೆ ಕಂಡಿದ್ದರೆ ಅಚ್ಚರಿಯೇನು?

1949ರಲ್ಲಿ ಪತ್ರಿಕೆ ನಿಂತಿತು. 1954ರಲ್ಲಿ ರೇಡಿಯೋ ನಾಟಕವೂ ಮುಗಿಯಿತು. ಆಮೇಲೆ ನೆರಳನ್ನು ಎಬ್ಬಿಸುವ ಕೆಲಸಕ್ಕೆ ಚಿತ್ರಕಥೆಗಾರರು ಕೈಹಾಕಿದರು. 1964ರಲ್ಲಿ ಆರ್ಚೀ ಸಂಸ್ಥೆ ಅವನಿಗೆ ಅತಿಮಾನುಷ ವೀರರ ಬಿಗಿ ಉಡುಪು ತೊಡಿಸಿತು. ಕತ್ತಲೆ ಹೋಯಿತು, ಹೆಸರು ಮಾತ್ರ ಉಳಿಯಿತು. ಎಂಟು ಸಂಚಿಕೆಗಳಿಗೆ ಆಟ ಮುಗಿಯಿತು. 1973ರಲ್ಲಿ ಡಿ.ಸಿ. ಸಂಸ್ಥೆಗಾಗಿ ಡೆನಿಸ್ ಓನೀಲ್ ಬರೆದು ಮೈಕೇಲ್ ಕಲೂಟ ಚಿತ್ರಿಸಿದಾಗ, ನಾಯಕ ತನ್ನ ಕರಿಯ ನಿಲುವಂಗಿಗೂ ಮೂವತ್ತರ ದಶಕಕ್ಕೂ ಮರಳಿದನು. ಆ ಮಾಲಿಕೆಯೂ ಹನ್ನೆರಡು ಸಂಚಿಕೆಗಳಿಗೇ ನಿಂತರೂ, ರಸಿಕರು ಅದನ್ನು ಮರೆಯಲಿಲ್ಲ.

1986ರಲ್ಲಿ ಹವರ್ಡ್ ಚೇಕಿನ್ ಬೇರೆ ದಾರಿ ಹಿಡಿದನು. ಅವನ ನೆರಳು ಅಂದಿನ ನ್ಯೂಯಾರ್ಕಿಗೆ ಬಂದಿಳಿಯುತ್ತಾನೆ; ಮುಖದಲ್ಲಿ ಒಂದು ಸುಕ್ಕೂ ಇಲ್ಲ. ಹಳೆಯ ಸಹಾಯಕರು ಮಾತ್ರ ಮುದುಕರಾಗಿದ್ದಾರೆ, ಕೆಲವರು ಕೊಲೆಯಾಗಿದ್ದಾರೆ. ಹಳೆಯ ಅಭಿಮಾನಿಗಳು ಕೆಂಡವಾದರು.

ಅವರ ಸಿಟ್ಟು ಸಹಜ. ಬಾಲ್ಯದ ಗೆಳೆಯರನ್ನು ಹೀಗೆ ಬಲಿಗೊಡುವುದನ್ನು ಯಾರು ತಾನೇ ಸಹಿಸಿಯಾರು? ಆದರೂ ನಮಗೆ ತೋರುವುದಿಷ್ಟು: ಚೇಕಿನ್ ಸೇತುವೆಯ ಮೇಲಿನ ಆ ಹಳೆಯ ಕರಾರನ್ನೇ ಮತ್ತೆ ತೆರೆದು ಓದಿದನು. ಪ್ರಾಣ ಉಳಿಸಿದವನಿಗೆ ಆ ಪ್ರಾಣದ ಮೇಲೆ ಎಷ್ಟು ಕಾಲದ ಹಕ್ಕು? 1931ರಲ್ಲಿ ಅಭಯವೆನಿಸಿದ್ದು ಅರ್ಧ ಶತಮಾನದ ಮೇಲೆ ಜೀತದಂತೆ ಕಂಡಿತು.

2012ರಲ್ಲಿ ಗಾರ್ತ್ ಎನಿಸ್ ಮತ್ತೆ ಅವನನ್ನು 1938ಕ್ಕೆ ಒಯ್ದು, ಜಪಾನೀ ಸೈನ್ಯ ಚೀನದಲ್ಲಿ ನಡೆಸಿದ ಕ್ರೌರ್ಯದೆದುರು ನಿಲ್ಲಿಸಿದನು. ಕಾಲ ಹಳೆಯದೇ, ಆದರೆ ಹಳೆಯ ಕಥೆಗಳ ಕಳ್ಳಕಾಕರಿಗಿಂತ ಘೋರವಾದ ಪಾತಕ ಈಗ ಎದುರಿಗಿತ್ತು.

ಹಳೆಯ ನಾಯಕನಿಗೆ ಹೊಸ ಅಂಗಿ ಹೊಲಿಸಿದ ಮಾತ್ರಕ್ಕೆ ಜೀವ ಬಾರದು. ಹಳೆಯ ಅಂಗಿಯನ್ನು ಒಗೆದು ಮಡಿಸಿಟ್ಟರೂ ಬಾರದು. ಅವನನ್ನು ಹೊಸದಾಗಿ ಏನಾದರೊಂದು ಕೇಳಬೇಕು. ಕೇಳುವವರಿರುವವರೆಗೆ ನೆರಳಿಗೆ ಸಾವಿಲ್ಲ.