ಪೊಲೀಸ್ ಅಧಿಕಾರಿ ಮೇಲಿನ ದಾವೆ ವಜಾ ಆಯ್ತಾ? ಅಪೀಲಿಗೆ ಮುಂಚೆ ಇದನ್ನು ಓದಿ

ಸುಳ್ಳು ಕೇಸು, ಅಕ್ರಮ ಬಂಧನ, ಠಾಣೆಯಲ್ಲಿ ಹಲ್ಲೆ. ಇಂಥ ಕಾರಣಕ್ಕೆ ಪೊಲೀಸ್ ಅಧಿಕಾರಿಯಿಂದ ಪರಿಹಾರ ಕೇಳಿ ಹಾಕಿದ ಸಿವಿಲ್ ದಾವೆ ವಜಾ ಆದ ತಕ್ಷಣ, 'ಪೊಲೀಸರ ಮೇಲೆ ಗೆಲ್ಲೋಕಾಗುತ್ತಾ' ಅಂತ ಕೈಚೆಲ್ಲುವವರಿದ್ದಾರೆ. ಆದರೆ ವಜಾ ಅಂದ್ರೆ ಎಲ್ಲಾ ಮುಗೀತು ಅಂತಲ್ಲ. ಯಾಕೆ ವಜಾ ಆಯ್ತು ಅನ್ನೋದರ ಮೇಲೆ ಮುಂದಿನ ದಾರಿ ನಿಂತಿದೆ.

ಮೊದಲ ಕೆಲಸ: ಸರ್ಟಿಫೈಡ್ ಕಾಪಿ

ತೀರ್ಪು ಮತ್ತು ಡಿಕ್ರಿಯ ಸರ್ಟಿಫೈಡ್ ಕಾಪಿಗೆ ಕೂಡಲೇ ಅರ್ಜಿ ಹಾಕಿ. ಮೇಲ್ಮನವಿ ಹೈಕೋರ್ಟಿಗಾದರೆ 90 ದಿನ, ಕೆಳಗಿನ ಕೋರ್ಟಿಗಾದರೆ 30 ದಿನ ಮಾತ್ರ ಗಡುವು. ಕಾಪಿ ಸಿದ್ಧವಾಗೋಕೆ ಹಿಡಿದ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ. ಗಡುವು ಮೀರಿದರೆ ತಡವಾಗಿದ್ದಕ್ಕೆ ಸರಿಯಾದ ಕಾರಣ ತೋರಿಸಿ ಅರ್ಜಿ ಕೊಡಬೇಕಾಗುತ್ತೆ. ಎಸ್ಪಿ ಕಚೇರಿಗೆ ದೂರು ಕೊಟ್ಟು ಕಾಯುತ್ತಾ ಕೂತರೆ ಗಡುವು ನಿಲ್ಲೋದಿಲ್ಲ.

ಯಾಕೆ ವಜಾ ಆಯ್ತು?

• ನೀವು ಅಥವಾ ವಕೀಲರು ಹಾಜರಾಗದೆ ವಜಾ ಆಗಿದ್ದರೆ: ಅಪೀಲು ಬೇಡ. ಗೈರಾಗಿದ್ದಕ್ಕೆ ಕಾರಣ ತೋರಿಸಿ, ದಾವೆಯನ್ನು ಮತ್ತೆ ನಡೆಸುವಂತೆ ಅದೇ ಕೋರ್ಟಿನಲ್ಲಿ 30 ದಿನದೊಳಗೆ ಅರ್ಜಿ ಹಾಕಬೇಕು.

• ನೋಟಿಸ್ ಅಥವಾ ಅನುಮತಿ ಇಲ್ಲ ಅಂತ ಆಗಿದ್ದರೆ: ಸರ್ಕಾರಿ ಅಧಿಕಾರಿಯ ಮೇಲೆ ಕರ್ತವ್ಯದ ವಿಷಯಕ್ಕೆ ದಾವೆ ಹಾಕೋಕೆ ಎರಡು ತಿಂಗಳ ಮುಂಚೆ ನೋಟಿಸ್ ಕೊಡಬೇಕು (ಸಿವಿಲ್ ಪ್ರಕ್ರಿಯಾ ಸಂಹಿತೆ, ಸೆಕ್ಷನ್ 80). ಕರ್ನಾಟಕ ಪೊಲೀಸ್ ಕಾಯ್ದೆಯ ಸೆಕ್ಷನ್ 170 ಸರ್ಕಾರದ ಪೂರ್ವಾನುಮತಿಯನ್ನೂ ಕೇಳುತ್ತೆ. ಅಧಿಕಾರಿ ಮಾಡಿದ್ದಕ್ಕೂ ಕರ್ತವ್ಯಕ್ಕೂ ಸಂಬಂಧವೇ ಇಲ್ಲದಿದ್ದರೆ ಈ ರಕ್ಷಣೆ ಸಿಗದು ಎಂದು ಕರ್ನಾಟಕದ ಒಂದು ಕ್ರಿಮಿನಲ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರ್ತವ್ಯದ ನೆಪದಲ್ಲಿ ಮಿತಿ ಮೀರಿದ್ದಷ್ಟೇ ಆದರೆ ಅನುಮತಿ ಬೇಕೇ ಬೇಕು. ಅಪೀಲಿನ ವಾದ ಇಲ್ಲೇ ನಿಲ್ಲುತ್ತೆ.

• ಕಾಲ ಮೀರಿದೆ ಅಂತ ಆಗಿದ್ದರೆ: ಅಕ್ರಮ ಬಂಧನ, ದುರುದ್ದೇಶದ ಕೇಸಿಗೆ ಪರಿಹಾರ ಕೇಳೋಕೆ ಇರೋದು ಒಂದೇ ವರ್ಷ. ಬಂಧನ ಮುಗಿದ ದಿನದಿಂದ, ಸುಳ್ಳು ಕೇಸಿನಲ್ಲಾದರೆ ಖುಲಾಸೆಯಾದ ದಿನದಿಂದ ಲೆಕ್ಕ. ಕೋರ್ಟ್ ದಿನಾಂಕ ತಪ್ಪಾಗಿ ಎಣಿಸಿದೆಯಾ, ವಕೀಲರ ಹತ್ತಿರ ನೋಡಿಸಿ.

• ಸಾಕ್ಷಿ ಸಾಲದು ಅಂತ ಆಗಿದ್ದರೆ: ಇದು ನೇರ ಅಪೀಲು. ಮೊದಲ ಮೇಲ್ಮನವಿಯಲ್ಲಿ ಸಾಕ್ಷಿಯನ್ನು ಮತ್ತೆ ತೂಗಿ ನೋಡುತ್ತಾರೆ. ಹೊಸ ಸಾಕ್ಷಿಗೆ ಮಾತ್ರ ಅವಕಾಶ ಕಡಿಮೆ. ಅದಕ್ಕೇ ಅಂಗಡಿಯವರಿಗೆ ಒಂದು ಮಾತು: ಗಲಾಟೆಯಾದ ದಿನದ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮುಂಚೆ ಕಾಪಿ ಮಾಡಿಟ್ಟುಕೊಳ್ಳಿ.

ಸೋತ ಮೇಲೂ ಗೆದ್ದವರು

1994ರಲ್ಲಿ ಕೇರಳ ಪೊಲೀಸರು ಬಂಧಿಸಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್, ತನಿಖೆ ನಡೆಸಿದ ಅಧಿಕಾರಿಗಳ ಮೇಲೆ ಕ್ರಮ ಕೇಳಿ ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ಸೋತರು. ಅಲ್ಲಿಗೇ ಬಿಡಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅವರು ಹಾಕಿದ್ದ ಸಿವಿಲ್ ದಾವೆ ಮುಂದುವರಿಸಲೂ ಅಡ್ಡಿಯಿಲ್ಲ ಎಂದಿತು.

ದುಡ್ಡಿಲ್ಲದಿದ್ದರೆ?

ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರು ಸಿಗುತ್ತಾರೆ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯದ ಮಿತಿಯೂ ಇಲ್ಲ. ಸಹಾಯವಾಣಿ 15100. ತೀರ್ಪಿನ ಕಾಪಿ ಜೊತೆಗೇ ತಗೊಂಡು ಹೋಗಿ. ಹೋಗೋದು ಮಾತ್ರ 30 ದಿನದ ಒಳಗೇ ಆಗಲಿ.