ಪೂರ್ವಪಕ್ಷ: ಕೇರಳದ ವಾದಗ್ರಂಥಗಳಲ್ಲಿ

ವಾದಗ್ರಂಥದಲ್ಲಿ ಎದುರಾಳಿಯ ಮತವನ್ನು ಮೊದಲು ಮಂಡಿಸಿ, ಆಮೇಲೆ ಅದಕ್ಕೆ ಉತ್ತರ ಹೇಳುವುದು ಪೂರ್ವಪಕ್ಷದ ಕ್ರಮ. ಮೀಮಾಂಸಕರು ಇದನ್ನು ಅಧಿಕರಣದ, ಎಂದರೆ ಒಂದೊಂದು ವಿಷಯದ ವಿಚಾರಣೆಯ, ಚೌಕಟ್ಟಿಗೆ ಒಗ್ಗಿಸಿದರು. ನ್ಯಾಯಸೂತ್ರವು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿತು: ತತ್ತ್ವ ತಿಳಿಯಲು ನಡೆಯುವುದು ವಾದ, ಗೆಲ್ಲಲು ನಡೆಯುವುದು ಜಲ್ಪ, ಸ್ವಂತ ಪಕ್ಷವನ್ನೇ ಹೂಡದೆ ಬರೀ ಖಂಡಿಸುವುದು ವಿತಂಡೆ.

ಕೊಚ್ಚಿಗೆ ಸಮೀಪದ ಕಾಲಡಿ ಶಂಕರಾಚಾರ್ಯರ ಜನ್ಮಸ್ಥಳವೆಂದು ಪ್ರಸಿದ್ಧ. ಅವರ ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಸಾಂಖ್ಯ, ವೈಶೇಷಿಕ, ಬೌದ್ಧ, ಜೈನ ಮತಗಳು ಒಂದರ ಹಿಂದೊಂದರಂತೆ ವಿಚಾರಣೆಗೆ ಬರುತ್ತವೆ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ವಾದದ ನಿಯಮಗಳಿಗೆಂದೇ ‘ಕಥಾಲಕ್ಷಣ’ ಬರೆದರು. ಇಂದಿನ ಕಾಸರಗೋಡು ಜಿಲ್ಲೆಯ ಕುಂಬಳೆ ಸೀಮೆಯಲ್ಲಿ ಅವರೊಡನೆ ದಿನಗಟ್ಟಲೆ ವಾದಿಸಿದ ತ್ರಿವಿಕ್ರಮ ಪಂಡಿತರು ಕೊನೆಗೆ ಅವರ ಶಿಷ್ಯರಾಗಿ ‘ತತ್ತ್ವಪ್ರದೀಪ’ ರಚಿಸಿದರು.

ಅಚ್ಚಿನ ಯುಗದಲ್ಲಿ ಈ ಕ್ರಮವನ್ನು ಮಲಯಾಳ ಗದ್ಯಕ್ಕೆ ಸಮರ್ಥವಾಗಿ ತಂದವರಲ್ಲಿ ತಿರುವನಂತಪುರದ ಕಣ್ಣಮ್ಮೂಲದಲ್ಲಿ ಹುಟ್ಟಿದ ಚಟ್ಟಂಬಿ ಸ್ವಾಮಿಗಳು (1853–1924) ಮುಖ್ಯರು. ಮಿಷನರಿಗಳ ಟೀಕೆಗೆ ಉತ್ತರವಾಗಿ ಅವರು ಷಣ್ಮುಖದಾಸ ಎಂಬ ಹೆಸರಿನಲ್ಲಿ 1890ರಲ್ಲಿ ‘ಕ್ರಿಸ್ತುಮತಛೇದನಂ’ ಪ್ರಕಟಿಸಿದರು. ಅದರ ಮೊದಲ ಭಾಗ ‘ಕ್ರಿಸ್ತುಮತಸಾರಂ’; ಕ್ರೈಸ್ತ ಮತದ ತತ್ತ್ವಗಳನ್ನು ಅಲ್ಲಿ ಸಂಗ್ರಹಿಸಿ ಹೇಳಲಾಗಿದೆ. ಖಂಡನೆ ತೊಡಗುವುದು ಎರಡನೆಯ ಭಾಗದಲ್ಲಿ. ಪುಸ್ತಕ ಕಟುವಾದದ್ದೇ, ಆದರೆ ಖಂಡನೆಗೆ ಒಳಗಾಗುವ ಮತ ಯಾವುದೆಂಬುದು ಓದುಗನಿಗೆ ಮೊದಲೇ ತಿಳಿದಿರುತ್ತದೆ. ‘ವೇದಾಧಿಕಾರನಿರೂಪಣಂ’ ಕೃತಿಯಲ್ಲಿ ಅವರು ಸ್ವಂತ ಪರಂಪರೆಯನ್ನೇ ಎದುರಿಸಿದರು. ಶೂದ್ರರಿಗೆ ವೇದಾಧ್ಯಯನದ ಅಧಿಕಾರವಿಲ್ಲ ಎಂಬುದು ಶಂಕರಭಾಷ್ಯದ ನಿಲುವು. ವೇದ ಎಲ್ಲರದೂ ಎಂದು ಸ್ವಾಮಿಗಳು ಸಾಧಿಸಿದರು. ಅವರ ಬರಹಗಳಲ್ಲಿ ಹೆಚ್ಚಿನ ಧೈರ್ಯದ್ದು ಇದೇ.

ವಿರೋಧಕ್ಕೆ ಉತ್ತರ ಕೊಡದೆ ಅದರ ಬಾಯಿ ಮುಚ್ಚಿಸಿದ ನಿದರ್ಶನವೂ ತಿರುವನಂತಪುರದ್ದೇ. ದಿವಾನರನ್ನು ಟೀಕಿಸಿದ ‘ಸ್ವದೇಶಾಭಿಮಾನಿ’ ಪತ್ರಿಕೆಯ ಮುದ್ರಣಾಲಯವನ್ನು 1910ರ ಸೆಪ್ಟೆಂಬರ್ 26ರಂದು ತಿರುವಾಂಕೂರು ಸರ್ಕಾರ ಮುಟ್ಟುಗೋಲು ಹಾಕಿಕೊಂಡು, ಸಂಪಾದಕ ರಾಮಕೃಷ್ಣ ಪಿಳ್ಳೆ ಅವರನ್ನು ಗಡೀಪಾರು ಮಾಡಿತು.

ಕೊಚ್ಚಿಯ ಕಡೆ ಬೆಳವಣಿಗೆ ಬೇರೆ ರೀತಿಯದು. ಒಂದು ಜಾತಿ, ಒಂದು ಮತ, ಒಬ್ಬ ದೇವರು ಎಂದ ನಾರಾಯಣ ಗುರುಗಳ ಮಾತನ್ನು ಚೆರಾಯಿಯ ಸಹೋದರನ್ ಅಯ್ಯಪ್ಪನ್ ತಿರುಗಿಸಿ, ಜಾತಿಯೂ ಬೇಡ, ಮತವೂ ಬೇಡ, ದೇವರೂ ಬೇಡ ಎಂದರು. ಗುರುಗಳು ಶಿಷ್ಯನನ್ನು ದೂರವಿಡಲಿಲ್ಲ. 1924ರ ಮಾರ್ಚ್‌ನಲ್ಲಿ ಆಲುವದ ಅದ್ವೈತಾಶ್ರಮದಲ್ಲಿ ಅವರು ಸರ್ವಮತ ಸಮ್ಮೇಳನ ನಡೆಸಿದರು. ಇದು ವಾದಿಸಿ ಗೆಲ್ಲುವುದಕ್ಕಲ್ಲ, ಅರಿಯುವುದಕ್ಕೂ ಅರಿವು ಮಾಡಿಕೊಡುವುದಕ್ಕೂ ಎಂದು ಅಲ್ಲಿ ಫಲಕ ಹಾಕಿಸಿದ್ದರು. ಎಲ್ಲ ಮತಗಳನ್ನೂ ಕಲಿಸುವ ಪಾಠಶಾಲೆಯೊಂದನ್ನು ಶಿವಗಿರಿಯಲ್ಲಿ ಸ್ಥಾಪಿಸುವ ಸಂಕಲ್ಪ ಸಮ್ಮೇಳನದ ಕೊನೆಯಲ್ಲಿ ಪ್ರಕಟವಾಯಿತು.